ಆ ನೀಲಿ ರಟ್ಟಿನ ಪುಸ್ತಕ

ಪುಟ್ಟಿ,

ನೀನು ಮಲಗಿದ್ದೀಯ. ಪಬ್ಲಿಕ್ ಹಿಸ್ಟರಿ, ಅಂದರೆ ಕಾಲೇಜಿನ ಹೊರಗೆ ಜನರ ನಡುವೆ ಮಾಡುವ ಇತಿಹಾಸದ ಕೆಲಸ, ಕಲಿಯಲು ಬೆಳಿಗ್ಗೆ ಬೇಗ ಹೊರಡಬೇಕು. ಇತಿಹಾಸ ಓದಿದರೆ ಏನು ಕೆಲಸ ಸಿಗುತ್ತೆ ಅಂತ ರಾತ್ರಿ ನಾನು ಕೂಗಾಡಿದ್ದು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯಲ್ಲ. ಕೊನೆಗೆ ನೀನು ಹೇಳಿದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ಅಪ್ಪಾ, ಅಜ್ಜಿಯ ಲೆಕ್ಕದ ಪುಸ್ತಕದಲ್ಲಿ ನೀನು ಮೊದಲು ನಡೆದ ದಿನ ಇತ್ತು."

ನನಗೆ ಅದು ಗೊತ್ತೇ ಇರಲಿಲ್ಲ.

ನೀಲಿ ರಟ್ಟು. ಮೂಲೆಯಲ್ಲಿ ಹುಳ ತಿಂದಿತ್ತು. ನೀರು ಬಿದ್ದು ನಾಲ್ಕೈದು ಹಾಳೆ ಅಂಟಿಕೊಂಡಿದ್ದವು. ಒಂದೆರಡು ಪುಟ ತಿರುವಿದೆ, ಬರೀ ಕೂಡಿ ಕಳೆದ ಲೆಕ್ಕ ಕಂಡಿತು. ಬೆಂಕಿಗೆ ಹಾಕಿದೆ. ಅಮ್ಮ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿಡುತ್ತಿದ್ದಳು ಅನ್ನೋದನ್ನು ಹತ್ತು ವರ್ಷದ ನೀನು ನೋಡಿದ್ದೆ. ಮಗ ನಾನು ನೋಡಿರಲಿಲ್ಲ. ರಟ್ಟು ಬೇಗ ಹತ್ತಿಕೊಳ್ಳಲಿಲ್ಲ. ಕಡ್ಡಿಯಿಂದ ಎರಡು ಸಲ ತಿವಿದೆ. ಆಗ ಹಾಳೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಆಗಲಾದರೂ ಎಳೆದುಕೊಳ್ಳಬಹುದಿತ್ತು, ಅಲ್ವಾ? ತಪ್ಪಾಯ್ತು ಪುಟ್ಟಿ.

ನೀನು ಮೇಜಿನ ಮೇಲೆ ಬಿಟ್ಟಿದ್ದ ಹಾಳೆಗಳನ್ನು ಈಗ ಕೂತು ಓದಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ರಾಬರ್ಟ್ ಕೆಲಿ ಅನ್ನುವ ಪ್ರೊಫೆಸರ್ ಪಬ್ಲಿಕ್ ಹಿಸ್ಟರಿ ಕೋರ್ಸ್ ಶುರು ಮಾಡಿದರಂತೆ. ಇತಿಹಾಸ ಓದಿದವರಿಗೆ ಕಾಲೇಜಿನ ಹೊರಗೂ ಕೆಲಸ ಸಿಗಲಿ ಅಂತ. ನಾನು ಕೂಗಾಡಿದ್ದಕ್ಕೆ ಉತ್ತರ ಅಲ್ಲೇ ಇತ್ತು.

ಆದರೆ ನಾನು ಸಿಕ್ಕಿಕೊಂಡಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನುವ ಬಡಾವಣೆಯ ಪುಟದಲ್ಲಿ. 1966ರಲ್ಲಿ ಆ ಜಾಗ ಬಿಳಿಯರಿಗೆ ಮಾತ್ರ ಅಂತ ಸರ್ಕಾರ ಸಾರಿತು. ಆಮೇಲೆ 60,000ಕ್ಕೂ ಜಾಸ್ತಿ ಜನರನ್ನು ಎಬ್ಬಿಸಿ ಮನೆ ಕೆಡವಿಸಿತು. 1994ರಲ್ಲಿ ಅಲ್ಲಿ ಮ್ಯೂಸಿಯಂ ಆಯ್ತು. ನೆಲದ ತುಂಬ ಹಳೇ ಬೀದಿಗಳ ನಕ್ಷೆ. ಅಲ್ಲಿದ್ದವರೇ ಬಂದು, ಬಗ್ಗಿ, ತಮ್ಮ ಮನೆ ಇದ್ದ ಕಡೆ ಹೆಸರು ಬರೆದರು. ಬೀದಿ ಹೆಸರಿನ ಬೋರ್ಡುಗಳು ಹೇಗೆ ಉಳಿದವು? ಕೆಡವುವ ಕೆಲಸ ನೋಡಿಕೊಳ್ಳುತ್ತಿದ್ದವನೇ ಗುಟ್ಟಾಗಿ ಎತ್ತಿಟ್ಟಿದ್ದ. ಈ ಸಾಲನ್ನು ಮೂರು ಸಲ ಓದಿದೆ. ಅವನಿಗೂ ಎತ್ತಿಡಬೇಕು ಅನ್ನಿಸಿತ್ತು. ನನ್ನ ಕೈಯಲ್ಲಿ ಕಡ್ಡಿ ಇತ್ತು.

ಅಲ್ಲಿ ಯಾರ ಮಾತು ರೆಕಾರ್ಡ್ ಮಾಡಿದರೂ ಮೊದಲು ಅವರ ಒಪ್ಪಿಗೆ ಕೇಳು. ಎರಡು ಕಡೆ ಕಾಪಿ ಇಡು. ಅವರು ಅತ್ತರೆ ಮೆಷಿನ್ ನಿಲ್ಲಿಸು, ಸುಮ್ನೆ ಜೊತೆಗೆ ಕೂತುಕೋ. ಅವರ ಮಾತನ್ನು ತಿದ್ದಿ ಚೆಂದ ಮಾಡಬೇಡ. ರಾತ್ರಿಯೆಲ್ಲ ಕೂತು ಕಣ್ಣು ಹಾಳು ಮಾಡಿಕೊಳ್ಳಬೇಡ. ಬುದ್ಧಿ ಹೇಳಬಾರದು ಅಂತಲೇ ಬರೆಯಲು ಕೂತಿದ್ದೆ. ಇನ್ನೊಂದು ಹೇಳಿಬಿಡುತ್ತೇನೆ. ಹಿರೋಷಿಮಾ ಮೇಲೆ ಬಾಂಬ್ ಹಾಕಿದ ವಿಮಾನವನ್ನು ಇಟ್ಟು, ಕೆಳಗೆ ಸತ್ತವರ ಕಥೆಯನ್ನೂ ಹೇಳಲು ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂನವರು ಹೊರಟಿದ್ದರು. ಮಾಜಿ ಸೈನಿಕರು ಸಿಟ್ಟಾದರು. 1995ರಲ್ಲಿ ಆ ಪ್ರದರ್ಶನ ಕೈಬಿಟ್ಟರು, ನಿರ್ದೇಶಕರು ರಾಜೀನಾಮೆ ಕೊಟ್ಟರು. ನಿನ್ನ ಮೇಲೂ ಜನ ಹೀಗೆ ತಿರುಗಿಬಿದ್ದರೆ? ಈ ಭಯ ನನಗಿದೆ. ಆಗ ಒಬ್ಬಳೇ ಒದ್ದಾಡಬೇಡ. ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು.

ಹಳೇ ಕಾಗದ ಮುಟ್ಟುವ ಮೊದಲು ನೀನು ಕೈ ತೊಳೆದು, ಬೆರಳಿನ ಸಂದಿಯನ್ನೂ ಒರೆಸಿ, ಪೂರ್ತಿ ಒಣಗುವ ತನಕ ಕಾಯುತ್ತೀಯಲ್ಲ, ಅದನ್ನು ಬಾಗಿಲಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇನೆ. ಹೆಮ್ಮೆ ಅನ್ನಿಸುತ್ತಿತ್ತು. ಹೇಳಲಿಲ್ಲ.

ಆ ಸಾಲು ಸರಿಯಾಗಿ ಹೇಗಿತ್ತು? ಎಷ್ಟು ಹೆಜ್ಜೆ ಇಟ್ಟೆ ಅಂತ ಅಮ್ಮ ಬರೆದಿದ್ದಳಾ? ಅಲ್ಲಿ ತಲುಪಿದ ಮೇಲೆ, ನೆನಪಿದ್ದಷ್ಟು ಬರೆದು ಕಳಿಸು.

ಅಪ್ಪ