ನಿನ್ನ ಡಾಕ್ಟ್ರು ಕೈ ತೊಳೆಯಲಿಲ್ಲ

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಮಗಳೇ,

ನಿನ್ನ ಕಾದಂಬರಿಯ ಕಟ್ಟು ತಲುಪಿತು. ಮಳೆಗೆ ಕರೆಂಟು ಹೋಗಿತ್ತು, ಎರಡು ರಾತ್ರಿ ಟಾರ್ಚ್ ಹಿಡಿದೇ ಓದಿದೆ. ನಿನ್ನ ಡಾಕ್ಟರು ಮೊದಲ ಪುಟದಲ್ಲಿ ಒಳ್ಳೆಯವನು, ಕೊನೆಯ ಪುಟದಲ್ಲೂ ಅಷ್ಟೇ ಒಳ್ಳೆಯವನು. ನಡುವೆ 12 ಕಡೆ ಬಡವರ ಸೇವೆಯ ಬಗ್ಗೆ ಭಾಷಣ. ಎಣಿಸಿದೆ, ಬೇಜಾರು ಮಾಡಬೇಡ.

ನಾನೂ ಹಾಗೇ ಶುರು ಮಾಡಿದವನು. ನನ್ನ ಮೊದಲ ಕಥೆಯಲ್ಲೂ ಒಬ್ಬ ಡಾಕ್ಟರಿದ್ದ. ಅಚ್ಚಾದ ಮೇಲೆ ನಮ್ಮ ಬೀದಿಯ ಕಂಪೌಂಡರ್ ಓದಿ, "ಎಲ್ಲ ಸರಿ ಮಾರಾಯ್ರೆ, ನಿಮ್ಮ ಡಾಕ್ಟ್ರು ಇಡೀ ಕಥೆಯಲ್ಲಿ ಒಂದು ಸಲವೂ ಕೈ ತೊಳೆಯಲಿಲ್ವಲ್ಲ?" ಅಂದರು. ಆ ಕಥೆಯನ್ನು ಯಾವ ಸಂಕಲನಕ್ಕೂ ಸೇರಿಸಲಿಲ್ಲ.

ಎ. ಜೆ. ಕ್ರೋನಿನ್ ಬರೆದ 'ದಿ ಸಿಟಡೆಲ್' ಓದು. 1937ರ ಕಾದಂಬರಿ. ಬರೆದವನೂ ಡಾಕ್ಟರೇ, ವೇಲ್ಸಿನ ಕಲ್ಲಿದ್ದಲು ಗಣಿಗಳ ಊರಲ್ಲಿ ದುಡಿದವನು. ಆಂಡ್ರ್ಯೂ ಮ್ಯಾನ್ಸನ್ ಎಂಬ ಹುಡುಗ ಹೊಸದಾಗಿ ಪಾಸಾಗಿ ಅಂಥದೇ ಊರಿಗೆ ಬರುತ್ತಾನೆ. ಗಣಿ ಕೆಲಸದವನೊಬ್ಬನ ಮನೆಯಲ್ಲಿ ಹೆರಿಗೆ. ಮದುವೆಯಾಗಿ 20 ವರ್ಷದ ಹತ್ತಿರ ಕಾದ ಮಗು ಅದು. ಅಳುವುದಿಲ್ಲ. ಸತ್ತೇ ಹುಟ್ಟಿತೆಂದು ನರ್ಸು ಮಂಚದಡಿಗೆ ಸರಿಸಿದ್ದಾಳೆ. ಇವನು ಮಂಡಿಯೂರಿ, ಒದ್ದೆ ಪೇಪರುಗಳ ನಡುವಿನಿಂದ ಅದನ್ನು ಎಳೆದು ತೆಗೆಯುತ್ತಾನೆ. ಬಿಸಿನೀರಿನ ಬೋಗುಣಿ ಒಂದು, ತಣ್ಣೀರಿನದು ಒಂದು. ಇದರಲ್ಲಿ ಅದ್ದು, ಅದರಲ್ಲಿ ಅದ್ದು. ದೊರಗು ಬೈರಾಸಿನಲ್ಲಿ ತಿಕ್ಕು, ಎದೆ ಒತ್ತು. ಕೊನೆಗೆ ಪುಟ್ಟ ಮೂಗಿನಿಂದ ಒಂದು ಗುಳ್ಳೆ.

ಈಗ ಯಾರೂ ಹಾಗೆ ಮಾಡುವುದಿಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ ಆ ಎರಡು ಬೋಗುಣಿ ನೋಡಿದ ಮೇಲೆ ಅವನ ಆದರ್ಶ ಎಂಥದು ಅಂತ ಯಾರಾದರೂ ಕೇಳುತ್ತಾರಾ? ನೀನು ಮಂಗಳೂರಿನ ಲೇಡಿಗೋಶನ್ ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡಿದವಳು ಮಾರಾಯ್ತಿ. ಅಳದ ಮಗುವನ್ನು ಕೈಯಲ್ಲಿ ಹಿಡಿದಿರುತ್ತೀ. ನಿನ್ನ ಕಾದಂಬರಿಯಲ್ಲಿ ಅದಕ್ಕೆ ಸಿಕ್ಕಿದ್ದು 'ಒಂದು ಜೀವ ಉಳಿಯಿತು' ಅನ್ನುವ ಒಂದೇ ಸಾಲು. ನನಗೆ ಹೊಟ್ಟೆ ಉರಿಯಿತು.

ಇನ್ನೊಂದು ವಿಷಯ. ಮ್ಯಾನ್ಸನ್ ಲಂಡನ್ನಿಗೆ ಹೋಗಿ ಕೆಡುತ್ತಾನೆ. ಒಂದೇ ದಿನದಲ್ಲಿ ಅಲ್ಲ. ಶ್ರೀಮಂತರಿಗೆ ಬೇಡದ ಇಂಜೆಕ್ಷನ್, ಒಳ್ಳೆಯ ಸೂಟು, ಡಾಕ್ಟರುಗಳು ತಮ್ಮೊಳಗೇ ಹಂಚಿಕೊಳ್ಳುವ ಫೀಸು. ಪ್ರತಿಯೊಂದಕ್ಕೂ ಅವನ ಹತ್ತಿರ ಕಾರಣ ಇದೆ, ಓದುವಾಗ ನಮಗೂ ಸರಿ ಅನಿಸುತ್ತದೆ. ಅವನು ನಂಬಿದ ದೊಡ್ಡ ಸರ್ಜನ್ನಿನ ಕೈಯಲ್ಲಿ ಒಬ್ಬ ಸಣ್ಣ ಅಂಗಡಿಯವನು ಟೇಬಲ್ ಮೇಲೆಯೇ ಸತ್ತಾಗ ಕಣ್ಣು ತೆರೆಯುತ್ತದೆ. ನಿನ್ನ ಹುಡುಗನಿಗೂ ಸ್ವಲ್ಪ ಆಸೆ ಕೊಡು. ಮಂಗಳೂರಿನಲ್ಲಿ ಅದಕ್ಕೇನು ಬರವಾ? ಕಂಕನಾಡಿಯಲ್ಲಿ ಫ್ಲಾಟು, ಅಡವಿಟ್ಟ ಅಮ್ಮನ ಬಳೆ, ಸೀಟಿಗೆಂದು ಮಾಡಿದ ಸಾಲ.

ಆ ಪುಸ್ತಕದಲ್ಲಿ ಹೆಂಡತಿಯ ಸಾವು ಮಾತ್ರ ನನಗೆ ಹಿಡಿಸಲಿಲ್ಲ. ಜಗಳವೆಲ್ಲ ಮುಗಿದ ಮೇಲೆ, ಗಂಡನಿಗೆ ಇಷ್ಟದ ಚೀಸ್ ತರಲು ಹೋದವಳು ಬಸ್ಸಿಗೆ ಸಿಕ್ಕಿ ಸಾಯುತ್ತಾಳೆ. ಲೇಖಕನಿಗೆ ಬೇಕಿತ್ತು, ಸುಮ್ನೆ ಕೊಂದ. ಆದರೂ ಆ ಚೀಸ್ ಇವತ್ತಿಗೂ ಮರೆತಿಲ್ಲ ನೋಡು.

ಮೊದಲು ಹೆರಿಗೆಯ ಅಧ್ಯಾಯ ತಿದ್ದು. ಅದರಲ್ಲಿ ಒಬ್ಬ ಆಯಾ ಬಂದು ಹೋಗುತ್ತಾಳಲ್ಲ, ಅವಳ ಕೈಯಲ್ಲಿ ಏನಿತ್ತು ಅಂತ ಬರೆ. ಮತ್ತೆ, ಮುಂದಿನ ಸಲ ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇತಿ,
ನಿನ್ನ ಮಾಷ್ಟ್ರು