ಮನುಷ್ಯ ಅಂದರೆ ಯಾವ ಮನುಷ್ಯ?

ಧಾರವಾಡ

ತಮ್ಮಾ,

ಸ್ವಾತಂತ್ರ್ಯ ಮತ್ತು ಪ್ರಕೃತಿ ಕುರಿತ ನಿನ್ನ ಲೇಖನ ಓದಿದೆ. ಬರವಣಿಗೆ ಚೆನ್ನಾಗಿದೆ, ಎಲ್ಲೂ ಎಡವುವುದಿಲ್ಲ. ಸ್ವಾತಂತ್ರ್ಯದ ಬಗ್ಗೆ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಬಂದಿದ್ದಾನೆ, ಗಾಂಧಿ ಬಂದಿದ್ದಾರೆ, ನಡುವೆ ಬಸವಣ್ಣನೂ ಬಂದು ಹೋಗಿದ್ದಾನೆ. ನಿನ್ನ ಊರು ಡೋಣಿ ಮಾತ್ರ ಬಂದಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ ಬೆಳೆದವನು ನೀನು, ಅಲ್ವಾ? ನಿನ್ನ ಲೇಖನದಲ್ಲಿ ‘ಮನುಷ್ಯ’ ಪ್ರಕೃತಿಯನ್ನು ಹಾಳು ಮಾಡುತ್ತಾನೆ, ‘ಮನುಷ್ಯ’ ತನ್ನನ್ನು ತಾನು ಅರಿಯಬೇಕು. ಯಾವ ಮನುಷ್ಯ? ಗಣಿ ಕಂಪನಿಯವನೋ, ಕುರಿ ಕಾಯುವವನೋ? ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬಿದರೆ ತಪ್ಪು ಯಾರ ತಲೆಗೆ ಬರುತ್ತದೆ ಅಂತ ನಿನಗೂ ಗೊತ್ತು.

ಲಾಕ್‌ನಿಂದಲೇ ಶುರು ಮಾಡೋಣ. ನನ್ನ ಮೈ ನನ್ನದು, ಅದರ ದುಡಿಮೆ ನನ್ನದು, ಆ ದುಡಿಮೆ ಸೇರಿದ ನೆಲವೂ ನನ್ನದು ಎಂದು ಅವನು 17ನೇ ಶತಮಾನದ ಕೊನೆಗೆ ವಾದಿಸಿದ. ರೈತನ ಮಗನಿಗೆ ಇದು ಹಿಡಿಸದೆ ಇರುತ್ತದಾ? ಆದರೆ ಸುಧಾರಿಸದೆ ಪ್ರಕೃತಿಗೇ ಬಿಟ್ಟ ನೆಲ ಪಾಳು, ಅದರಿಂದ ಬರುವ ಲಾಭ ಇಲ್ಲವೆನ್ನುವಷ್ಟು ಕಡಿಮೆ ಎಂದವನೂ ಅವನೇ. ಪಾಳು ಅಂತ ತೀರ್ಮಾನಿಸುವವರು ಯಾರು? ನೀನು ಕೇಳಬೇಕಿದ್ದ ಪ್ರಶ್ನೆ ಇದು.

ಹಾನಗಲ್ ತಾಲೂಕಿನ ಕುಸನೂರಿನ ಜನ ಇದನ್ನು ಕೇಳಿದರು. 1984ರಲ್ಲಿ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿದವು. ನೀಲಗಿರಿ ಬೆಳೆಸಲು ಅದಕ್ಕೆ ಗೊತ್ತು ಮಾಡಿದ್ದು ಸುಮಾರು 30,000 ಹೆಕ್ಟೇರ್, ಕಂದಾಯ ಕಡತದಲ್ಲಿ ‘ಸಿ’ ಮತ್ತು ‘ಡಿ’ ದರ್ಜೆ ಎನಿಸಿಕೊಂಡ ನೆಲ. ಕಡತಕ್ಕೆ ಪಾಳು, ಊರಿಗೆ ಗಾಯರಾಣ, ಅಂದರೆ ಊರ ದನ ಮೇಯುವ ಎಲ್ಲರ ನೆಲ. ಮೇವು, ಒಲೆಗೆ ಪುಳ್ಳೆ, ಕುಂಟೆ ರಂಟೆಗೆ ಕಟ್ಟಿಗೆ, ಎಲ್ಲ ಅಲ್ಲಿಂದಲೇ. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ. ಅದರ ಕಟ್ಟಿಗೆ ಕಾರ್ಖಾನೆಗೆ ಹೋಗಿ ರೇಯಾನ್ ದಾರದ ತಿರುಳಾಗುತ್ತದೆ. 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಅಂತಲೇ ಅದಕ್ಕೆ ಹೆಸರು. ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮುಂದೆ ನಿಂತಿತ್ತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1991ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾಯಿತು.

ಇದನ್ನು ಬರೀ ‘ಪರಿಸರ ಹೋರಾಟ’ ಅಂತ ಬರೆದು ಮುಗಿಸಬೇಡ. ಹೊಲವಿಲ್ಲದ ಹೆಂಗಸೊಬ್ಬಳನ್ನು ನೆನೆಸಿಕೊ. ಅವಳ ಹತ್ತಿರ ನಾಲ್ಕು ಆಡು ಇವೆ, ಮೇಯಲು ಗಾಯರಾಣ ಇದೆ. ಗೌಡರ ಮನೆಯಿಂದ ಕಳೆ ತೆಗೆಯಲು ಕರೆ ಬಂದರೆ, ಕೂಲಿ ಕಡಿಮೆ ಅನಿಸಿದ ದಿನ ಅವಳು “ಇವತ್ತ ಬರೂದಿಲ್ರೀ” ಅನ್ನಬಲ್ಲಳು. ಗಾಯರಾಣಕ್ಕೆ ಬೇಲಿ ಬಿತ್ತು ಅನ್ನು. ಅವಳ ಮತದ ಹಕ್ಕು ಹೋಗಿಲ್ಲ, ಬಾಯಿಗೆ ಯಾರೂ ಬಟ್ಟೆ ತುರುಕಿಲ್ಲ. ಆದರೆ ಆಡು ಮಾರಿದ ಮೇಲೆ ಆ ಮಾತು ಅವಳ ಬಾಯಿಂದ ಬರುವುದಿಲ್ಲ. ಕರೆದಾಗ ಹೋಗಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು. ಯಾರೂ ಅಡ್ಡ ಬರದಿದ್ದರೆ ಸ್ವಾತಂತ್ರ್ಯ ಎಂದು ನೀನು ಬರೆದಿದ್ದೀಯ. ಇವಳಿಗೆ ಯಾರೂ ಅಡ್ಡ ಬಂದಿಲ್ಲ, ನೋಡು. ಅವಳ ‘ನಾನು’ ಅನ್ನುವುದರಲ್ಲಿ ಆ ಆಡುಗಳೂ ಇದ್ದವು, ಆ ಹುಲ್ಲೂ ಇತ್ತು.

(‘ಪ್ರಕೃತಿ ಮಾತೆ’ಯನ್ನು ತೆಗೆದುಬಿಡು. ತಾಯಿ ಅಂದ ಕೂಡಲೇ ಆರೈಕೆ ಮಾಡುವುದು ಅವಳ ಕೆಲಸವಾಗುತ್ತದೆ, ನಾವು ಸುಮ್ನೆ ಕೈಮುಗಿದು ಕೂರುತ್ತೇವೆ. ಮನೆಗಳಲ್ಲಿ ನಡೆಯುವುದೂ ಇದೇ.)

ಈಗ ನಿನ್ನ ಗುಡ್ಡಕ್ಕೆ ಬಾ. ಕುಸನೂರಿಗಿಂತ ಇದು ಕಷ್ಟದ್ದು. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶ ಎಂದರು, 2016ರಲ್ಲಿ ಅದನ್ನು ವಾಪಸ್ ಪಡೆದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು, ಸುಮಾರು 244 ಚದರ ಕಿಲೋಮೀಟರ್. ಗುಡ್ಡಕ್ಕೆ ಚಿನ್ನದ ಗಣಿ ಬಾರದಿರಲಿ ಎನ್ನುವವರಲ್ಲಿ ನಾನೂ ಒಬ್ಬಳು, ಖುಷಿಪಟ್ಟೆ. ಆದರೆ ಗಣಿಯವನನ್ನು ತಡೆಯುವ ಕಾಯ್ದೆ ಕುರಿಗಾರನನ್ನೂ ತಡೆದು ನಿಲ್ಲಿಸಬಲ್ಲದು. ಅಲ್ಲಿ ನೀನು ಯಾರ ಕಡೆ? ‘ಸಮತೋಲನ ಬೇಕು’ ಅಂತ ಬರೆದು ಜಾರಿಕೊಳ್ಳಬೇಡ, ಅದು ಭಾಷಣಕ್ಕೆ ಸರಿ. ನನ್ನನ್ನು ಕೇಳಿದರೆ, ಗುಡ್ಡ ಉಳಿಯಬೇಕು, ಎಷ್ಟು ಕುರಿ, ಯಾವ ತಿಂಗಳು, ಯಾವ ಇಳಿಜಾರು ಅನ್ನುವ ಮಾತಿಗೆ ಕುರಿಗಾರರನ್ನೂ ಕೂರಿಸಬೇಕು. ಎಲ್ಲರ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ. ಆದರೆ ತಾವೇ ಕಟ್ಟಳೆ ಮಾಡಿಕೊಂಡು ತಲೆಮಾರುಗಟ್ಟಲೆ ಉಳಿಸಿಕೊಂಡವರನ್ನು ಅದೇ ಅಮೆರಿಕದ ಎಲಿನಾರ್ ಆಸ್ಟ್ರಮ್ ತೋರಿಸಿದಳು. 2009ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವಳಿಗೂ ಪಾಲು ಸಿಕ್ಕಿತು. ಗಾಂಧಿಯ ಸ್ವರಾಜ್ಯದಲ್ಲೂ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು ಸೇರಿದೆ. “ಈ ವರ್ಷ ಈ ಕಡೆ ಮೇಯಿಸೂದು ಬ್ಯಾಡ” ಅಂತ ಊರು ತಾನೇ ಹೇಳಿಕೊಂಡರೆ ಅದೂ ಸ್ವರಾಜ್ಯ. ಅದನ್ನೇ ಕಚೇರಿಯಿಂದ ಬರೆದು ಕಳಿಸಿದರೆ ಬರೀ ಆದೇಶ.

ನನ್ನ ಮಾತನ್ನೂ ಹಾಗೇ ನಂಬಬೇಡ. ಕುರಿಗಾರರಲ್ಲೂ ನೂರಾರು ಕುರಿ ಇರುವವನು ಬೇರೆ, ಹತ್ತು ಇರುವವನು ಬೇರೆ. ಅರಣ್ಯ ಇಲಾಖೆಯ ಗಾರ್ಡ್‌ನನ್ನೂ ಮಾತಾಡಿಸು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹಸಿ ಟೊಂಗೆ ಮುರಿದುಕೊಂಡು ಮೊದಲು ಓಡುವವರು ಯಾರು ಅಂತ ಇಬ್ಬರನ್ನೂ ಕೇಳು. ಉತ್ತರ ಹೊಂದದಿದ್ದರೆ ಹೊಂದಿಸಲು ಹೋಗಬೇಡ, ಎರಡನ್ನೂ ಬರೆ.

ಎರಡನೇ ಪುಟದ ಉದ್ಧರಣೆಗಳನ್ನೆಲ್ಲ ತೆಗೆದು ಮತ್ತೆ ಬರೆದು ಕಳಿಸು. ಗುಡ್ಡದ ಕಡೆ ಹೋಗುವುದಿದ್ದರೆ ಮುಂಗಾರಿಗೆ ಮೊದಲೇ ಹೋಗು, ಬಿತ್ತನೆ ಶುರುವಾದರೆ ಯಾರೂ ಮಾತಿಗೆ ಸಿಗುವುದಿಲ್ಲ.

ನಿನ್ನ
ಅಕ್ಕೋರು