ಚುಕ್ಕೆ ನಿಂತರೆ ಬಸ್ ನಿಂತಿದೆ ಅಂತಲ್ಲ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳ ಶಾಲೆಯಲ್ಲಿ ಹೋದ ಶನಿವಾರ ಪೋಷಕರ ಸಭೆ ಇತ್ತು. ಶಾಲೆ ಬಸ್ ಎಲ್ಲಿದೆ ಅಂತ ಫೋನಿನ ಮ್ಯಾಪಿನಲ್ಲಿ ಚುಕ್ಕೆ ಇಟ್ಟು ತೋರಿಸುವ ಈಗಿನ ಆ್ಯಪ್ ಯಾರಿಗೂ ಸರಿಬರುತ್ತಿಲ್ಲ, ಹೊಸದು ಮಾಡಿಸುತ್ತಿದ್ದೇವೆ, ಏನೇನು ಬೇಕು ಹೇಳಿ ಅಂದರು. ಆ್ಯಪ್ ಮಾಡುವ ಹುಡುಗನೂ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ನಾನು ಕೈ ಎತ್ತಿದೆ. ಎರಡು ಮಾತು ಆಡುವಷ್ಟರಲ್ಲಿ ಯಾರೋ ಫೀಸಿನ ವಿಷಯ ತೆಗೆದರು. ಫೀಸಿನ ಮಾತು ಎದ್ದ ಮೇಲೆ ಬಸ್ಸಿನ ಮಾತು ಯಾರಿಗೆ ಬೇಕು? ಉಳಿದದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಮಲೆನಾಡಿನ ಬೇರೆ ಶಾಲೆಯವರೂ ಇಂಥ ಆ್ಯಪ್ ಮಾಡಿಸುತ್ತಿದ್ದರೆ ಓದಲಿ.

ನಾನು ಕೊಪ್ಪದ ಸಹಕಾರ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದವನು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. 2020ರಲ್ಲಿ ಬಸ್ಸುಗಳು ನಿಂತವು. ಊರಲ್ಲಿ ಈಗಲೂ ನನ್ನನ್ನು ‘ಕಂಡಕ್ಟ್ರೇ’ ಅಂತಲೇ ಕರೆಯುವುದು. ಈಗ ಇರುವುದು ಒಂದೇ ಡ್ಯೂಟಿ. ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿ ದಾಟಿದ ಮೇಲೆ ನಮ್ಮ ಸ್ಟಾಪು. ಸಂಜೆ ನಾಲ್ಕೂವರೆಗೆ ಅಲ್ಲಿ ಕೊಡೆ ಹಿಡಿದು ನಿಲ್ಲುತ್ತೇನೆ. ಎರಡನೇ ಕ್ಲಾಸಿನ ಮೊಮ್ಮಗಳು ಇಳಿಯುತ್ತಾಳೆ. ಅವಳ ಬ್ಯಾಗು ನನ್ನ ಹೆಗಲಿಗೆ ಬರುತ್ತದೆ.

ಕಳೆದ ಜುಲೈನ ಒಂದು ಸಂಜೆ ಹೇಳುತ್ತೇನೆ. ಸೊಸೆ ತೀರ್ಥಹಳ್ಳಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಾಳೆ. ಅವಳ ಫೋನಿನಲ್ಲಿ ಬಸ್ಸಿನ ಚುಕ್ಕೆ ಒಂದು ಸೇತುವೆ ಹತ್ತಿರ ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹೊರಗೆ ಜಡಿಮಳೆ. ಹಳ್ಳ ಉಕ್ಕಿ ಹರಿಯುವ ವಿಡಿಯೊ ಒಂದು ಬೆಳಿಗ್ಗೆಯಿಂದ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿತ್ತು, ಎಲ್ಲಿಯದೋ ಯಾವ ವರ್ಷದ್ದೋ. ಡ್ರೈವರಿಗೆ ಫೋನ್ ಮಾಡಿದರೆ ನಾಟ್ ರೀಚಬಲ್. ಹತ್ತು ಹನ್ನೆರಡು ಸಲ ಒತ್ತಿದ್ದಾಳೆ. ಕೊನೆಗೆ ನನ್ನ ಬಟನ್ ಫೋನಿಗೆ ಹೇಗೋ ಕರೆ ಸಿಕ್ಕಿತು. ನಮ್ಮ ಸ್ಟಾಪಿನಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಬಂತು. “ಮಾವ, ಬಸ್ ಬಂತಾ? ಚುಕ್ಕೆ ಹೊಳೆ ಹತ್ರನೇ ನಿಂತಿದೆ” ಅಂದಳು. ದನಿ ಒಡೆದಿತ್ತು. ಅವಳು ಮಾತು ಮುಗಿಸುವ ಮೊದಲೇ ಬಸ್ಸು ಲೈಟ್ ಹಾಕಿಕೊಂಡು ತಿರುವಿನಲ್ಲಿ ಕಾಣಿಸಿತು. ಹುಡುಗಿ ಇಳಿದಳು. ಒಂದು ಕಾಲಿಗೆ ಸಾಕ್ಸ್ ಇಲ್ಲ, ಕೈಯಲ್ಲಿ ಅರ್ಧ ತಿಂದ ಪೇರಲೆ. “ಅಜ್ಜ, ಕಿಟಕಿಯಿಂದ ನೀರು ಬಂತು” ಅಂದಳು. ಆ ದಿನ ನಡೆದ ಅನಾಹುತ ಅಷ್ಟೇ. ಆಮೇಲೆ ಸೊಸೆಯ ಫೋನಿನಲ್ಲಿ ಚುಕ್ಕೆ ಒಂದೇ ನೆಗೆತಕ್ಕೆ ಮೂರು ಊರು ದಾಟಿತಂತೆ.

ಮಾರನೇ ದಿನ ಡ್ರೈವರನ್ನು ಕೇಳಿದೆ. ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ಟಿಗೆ ತೋರಿಸಿದರು. ಸೋಪಿನ ಡಬ್ಬಿಯಷ್ಟಿದೆ. ಮೇಲೆ ಎಐಎಸ್-140 ಅಂತ ಬರೆದಿತ್ತು. ವಾಹನ ಎಲ್ಲಿದೆ ಅಂತ ಹೇಳುವ ಪೆಟ್ಟಿಗೆ ಹೇಗಿರಬೇಕು ಅನ್ನುವುದಕ್ಕೆ ಇರುವ ಮಾನದಂಡ ಅದು. ಪೆಟ್ಟಿಗೆ ಉಪಗ್ರಹಗಳ ಸಿಗ್ನಲ್ ಹಿಡಿದು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಟವರ್ ಬೇಕಿಲ್ಲ. ಲೆಕ್ಕವನ್ನು ಹೊರಗೆ ಕಳಿಸುವುದು ಮಾತ್ರ ಒಳಗಿರುವ ಸಿಮ್ ಕಾರ್ಡು. ಅಂದರೆ ಬಸ್ ಎಲ್ಲಿದೆ ಅಂತ ಬಸ್ಸಿಗೆ ಗೊತ್ತಿದೆ, ನಮಗೆ ಹೇಳುವುದಕ್ಕೆ ಟವರ್ ಬೇಕು. ನೆಟ್‌ವರ್ಕ್ ಇಲ್ಲದ ಕಡೆ ಪೆಟ್ಟಿಗೆ ಎಲ್ಲವನ್ನೂ ಕೂಡಿಟ್ಟುಕೊಂಡು, ಸಿಕ್ಕ ಕೂಡಲೇ ಒಟ್ಟಿಗೆ ಕಳಿಸುತ್ತದೆ. ಚುಕ್ಕೆ ನೆಗೆದದ್ದು ಅದಕ್ಕೇ. ಪೆಟ್ಟಿಗೆಯದ್ದೇನೂ ತಪ್ಪಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ, ಕರೆಂಟು ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅಂತ ನಿಮ್ಮ ಓದುಗರಿಗೆ ಹೇಳಬೇಕಿಲ್ಲ, ಅಲ್ವಾ?

ತಪ್ಪು ಆ್ಯಪಿನದು. ಇಪ್ಪತ್ತು ನಿಮಿಷದ ಹಿಂದಿನ ಚುಕ್ಕೆಯನ್ನು ಈಗಿನದು ಅನ್ನುವ ಹಾಗೆ ತೋರಿಸಿತು. ಮೇಲೆ ‘ಲೈವ್’ ಅಂತ ಹಸಿರು ಅಕ್ಷರ ಬೇರೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಟೈಮ್ ಕೀಪರ್ ಯಾವತ್ತೂ ಹೀಗೆ ಮಾಡಿದವರಲ್ಲ. “ಆಗುಂಬೆ ಬಸ್ ಎಲ್ಲಿದೆ?” ಅಂತ ಕೇಳಿದರೆ “4.12ಕ್ಕೆ ಇಲ್ಲಿಂದ ಬಿಟ್ಟಿದೆ” ಅನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟು, ಹೇಳಿದ್ದೂ ಅಷ್ಟೇ. ಮುಂದಿನ ಲೆಕ್ಕ ಕೇಳಿದವರದ್ದು. ಆ್ಯಪ್ ಕೂಡ ಹಾಗೇ ಹೇಳಲಿ. ‘ಕೊನೆಗೆ ಕಂಡದ್ದು 4.20ಕ್ಕೆ, ಸೇತುವೆ ಹತ್ತಿರ. ಮುಂದೆ ನೆಟ್‌ವರ್ಕ್ ಇಲ್ಲದ ಜಾಗ, ದಿನಾ 25 ನಿಮಿಷ ಹಿಡಿಯುತ್ತದೆ’ ಅಂತ ಬರಲಿ, ಚುಕ್ಕೆ ಬೂದು ಬಣ್ಣಕ್ಕೆ ತಿರುಗಲಿ. ಬಸ್ಸು ದಿನಾ ಅದೇ ದಾರಿಯಲ್ಲಿ ಹೋಗುತ್ತದೆ. ಎಲ್ಲಿ ಸಿಗ್ನಲ್ ಸಾಯುತ್ತದೆ, ಎಲ್ಲಿ ಹುಟ್ಟುತ್ತದೆ ಅಂತ ಒಂದು ವಾರ ನೋಡಿದರೆ ಗೊತ್ತಾಗುತ್ತದೆ. ಸಭೆಯಲ್ಲಿ ನಾನು ಆಡಿದ ಎರಡು ಮಾತು ಇದೇ. ಹುಡುಗ ಬರೆದುಕೊಂಡ.

ಇನ್ನು ಭಾಷೆ. ಮಗ ಕೊಟ್ಟ ಹಳೇ ಸ್ಮಾರ್ಟ್‌ಫೋನ್ ನನ್ನ ಹೆಂಡತಿಯ ಹತ್ತಿರ ಇದೆ, ಮನೆಯಲ್ಲಿ ವೈಫೈ ಇದೆ. ಆ್ಯಪ್ ಬಂದ ಮೊದಲ ದಿನ ‘ಯುವರ್ ವಾರ್ಡ್ ಹ್ಯಾಸ್ ಬೋರ್ಡೆಡ್ ದ ಬಸ್’ ಅಂತ ಮೆಸೇಜು ಬಂತು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುವಷ್ಟು ಅವಳಿಗೆ ಬರುತ್ತದೆ. ‘ವಾರ್ಡ್’ ಅಂತ ಓದಿದವಳೇ ಅಂಗಳಕ್ಕೆ ಓಡಿ ಬಂದಳು. “ಯಾವ ವಾರ್ಡು? ಮಗೂನ ಆಸ್ಪತ್ರೆಗೆ ಯಾಕೆ ಸೇರಿಸಿದ್ರು?” ಈಗ ನೆನೆಸಿಕೊಂಡು ನಗುತ್ತೇವೆ. ಅವತ್ತು ನಗು ಬಂದಿರಲಿಲ್ಲ. ‘ಮಗು ಬಸ್ ಹತ್ತಿದೆ’ ಅಂತ ಬರೆಯುವುದಕ್ಕೆ ಏನು ಕಷ್ಟ?

ಸ್ಟಾಪಿನಲ್ಲಿ ನಿಲ್ಲುವುದು ಯಾರು ಅಂತಲೂ ಒಮ್ಮೆ ಬಂದು ನೋಡಿ. ನಮ್ಮಲ್ಲಿ ಐದು ಮಕ್ಕಳು ಇಳಿಯುತ್ತಾರೆ. ಕಾಯುವವರು ಇಬ್ಬರು ಅಜ್ಜಿಯರು, ನಾನು, ತೋಟದ ಕೆಲಸದಿಂದ ಹಾಗೇ ಬರುವ ಒಬ್ಬ ತಾಯಿ. ಆ್ಯಪ್ ಇರುವ ಫೋನು ನಾಲ್ಕೂ ಜನರಲ್ಲಿ ಒಬ್ಬರ ಹತ್ತಿರವೂ ಇಲ್ಲ. ಅಪ್ಪ ಅಮ್ಮ ದೂರದ ಆಫೀಸಿನಲ್ಲಿ ಚುಕ್ಕೆ ನೋಡುತ್ತಾರೆ, ಮಳೆಯಲ್ಲಿ ನಿಂತವರಿಗೆ ಏನೂ ಗೊತ್ತಿರುವುದಿಲ್ಲ. ಒಂದು ನಂಬರು ಕೊಡಿ. ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು, ಬಸ್ ಎಷ್ಟು ಹೊತ್ತಿಗೆ ಎಲ್ಲಿ ದಾಟಿತು ಅಂತ ಕನ್ನಡದಲ್ಲಿ ಹೇಳಲಿ. ಇಲ್ಲ ಅಂದರೆ ಎಸ್ಸೆಮ್ಮೆಸ್ ಕಳಿಸಿ. ಇಂಟರ್ನೆಟ್ ಓಡದ ಸಿಗ್ನಲ್‌ನಲ್ಲೂ ಎಸ್ಸೆಮ್ಮೆಸ್ ಬರುತ್ತದೆ.

ಚುಕ್ಕೆಯ ಬಗ್ಗೆ ಇಷ್ಟು ಬರೆದೆ. ನಿಜ ಹೇಳಬೇಕು ಅಂದರೆ ನನಗೆ ಚುಕ್ಕೆಗಿಂತ ತಲೆ ಎಣಿಕೆ ಮುಖ್ಯ. 2022ರ ಸೆಪ್ಟೆಂಬರಿನಲ್ಲಿ ಕತಾರಿನಲ್ಲಿ ಕೇರಳ ಮೂಲದ ನಾಲ್ಕು ವರ್ಷದ ಹುಡುಗಿಯೊಬ್ಬಳು ಶಾಲಾ ಬಸ್ಸಿನಲ್ಲಿ ನಿದ್ದೆ ಹೋದಳು. ಯಾರೂ ನೋಡದೆ ಬಾಗಿಲು ಹಾಕಿಕೊಂಡು ಹೋದರು. ಬಿಸಿಲಿಗೆ ಕಾದ ಬಸ್ಸಿನಲ್ಲಿ ಮಗು ತೀರಿಕೊಂಡಿತು. ಪೇಪರಿನಲ್ಲಿ ಓದಿದ್ದು ಇನ್ನೂ ಮರೆತಿಲ್ಲ. ಅವತ್ತು ಆ್ಯಪ್‌ನಲ್ಲಿ ನೋಡಿದ್ದರೆ ಚುಕ್ಕೆ ಎಲ್ಲಿರಬೇಕೋ ಅಲ್ಲೇ ಇರುತ್ತಿತ್ತು.

ಲಾಸ್ಟ್ ಟ್ರಿಪ್ ಮುಗಿದ ಮೇಲೆ ಹಿಂದಿನ ಸೀಟಿನ ತನಕ ನಡೆದು ನೋಡದೆ ನಾನು ಬಸ್ ಇಳಿದವನಲ್ಲ. ಕೊಡೆ ಸಿಕ್ಕಿದೆ, ಬಾಳೆಗೊನೆ ಸಿಕ್ಕಿದೆ, ಒಮ್ಮೆ ಮದುವೆ ಊಟ ಮುಗಿಸಿ ಬಂದು ಮಲಗಿದ್ದ ಯಜಮಾನರೂ ಸಿಕ್ಕಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಇದನ್ನೇ ಕಾನೂನು ಮಾಡಿದ್ದಾರೆ ಅಂತ ಮಗ ಹೇಳಿದ. ಮಕ್ಕಳ ಬಸ್ಸಿನ ಹಿಂಭಾಗದಲ್ಲಿ ಒಂದು ಗುಂಡಿ ಇರಬೇಕು. ಎಂಜಿನ್ ಆಫ್ ಮಾಡಿದ ಮೇಲೆ ಡ್ರೈವರ್ ಅಲ್ಲಿಗೆ ಹೋಗಿ ಅದನ್ನು ಒತ್ತದಿದ್ದರೆ ಅಲಾರಂ ಕೂಗುತ್ತದೆ. ನಮ್ಮ ಆ್ಯಪಿನಲ್ಲೂ, ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಹಿಂದಿನ ಸೀಟಿಗೆ ಹೋಗಿ ಬರುವ ತನಕ ಟ್ರಿಪ್ ಮುಗಿಯದ ಹಾಗೆ ಮಾಡಬಹುದಲ್ಲ? ಹತ್ತಿದವರು 31, ಇಳಿದವರು 31 ಅಂತ ಬಂದರೆ ನನಗೆ ಮ್ಯಾಪೇ ಬೇಡ.

ಡ್ರೈವರಿಗೆ ಮಾತ್ರ ಏನೂ ಒತ್ತುವ ಕೆಲಸ ಕೊಡಬೇಡಿ, ದಮ್ಮಯ್ಯ. ಅವರ ನಂಬರನ್ನೂ ಆ್ಯಪಿನಿಂದ ತೆಗೆಯಿರಿ. ಅವತ್ತು ನೆಟ್‌ವರ್ಕ್ ಇದ್ದಿದ್ದರೆ ನನ್ನ ಸೊಸೆಯ ಹನ್ನೆರಡು ಕರೆ ಆ ತಿರುವುಗಳಲ್ಲಿ ಅವರ ಕಿವಿಗೆ ಬೀಳುತ್ತಿತ್ತು. ಆಯಾ ಕೈಯಲ್ಲಿ ದೊಡ್ಡ ದೊಡ್ಡ ಗುಂಡಿಗಳಿರುವ ಫೋನು ಇರಲಿ. ‘ಮರ ಬಿದ್ದಿದೆ’, ‘ಟೈರ್ ಪಂಕ್ಚರ್’, ‘ಎಲ್ಲರೂ ಆರಾಮ’ ಅಂತ ಮೂರು ಗುಂಡಿ ಸಾಕು. ಬೆಳಿಗ್ಗೆ ಮಳೆ ರಜೆ ಕೊಟ್ಟರೆ ಆ ಸುದ್ದಿ ಎಲ್ಲಕ್ಕಿಂತ ಮೇಲೆ ಬರಲಿ. ಬಸ್ ಹೊರಟ ಮೇಲೆ ರಜೆ ಗೊತ್ತಾದರೆ ಏನು ಪ್ರಯೋಜನ?

ಸೊಸೆ ತನ್ನ ಆಫೀಸಿನಲ್ಲಿ ಕೇಳಿ ಇನ್ನೊಂದು ಹೇಳಿದಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಕ್ಕಳ ಜಾಡು ಹಿಡಿಯಬಾರದು ಅನ್ನುತ್ತದೆ. 2025ರ ನಿಯಮಗಳಲ್ಲಿ ಶಾಲಾ ವಾಹನಕ್ಕೆ ವಿನಾಯಿತಿ ಇದೆ, ಅದೂ ಸುರಕ್ಷತೆಗೆ, ಹೋಗಿ ಬರುವಷ್ಟು ಹೊತ್ತಿಗೆ ಮಾತ್ರ. ಈಗಿನ ಆ್ಯಪಿನಲ್ಲಿ ನಮ್ಮ ಸ್ಟಾಪಿನ ಐದೂ ಮಕ್ಕಳ ಹೆಸರು, ಇಳಿಯುವ ಹೊತ್ತು ಎಲ್ಲ ಪೋಷಕರಿಗೂ ಕಾಣುತ್ತದೆ. ನಮ್ಮ ಮಗುವಿನದು ನಮಗೆ ಕಂಡರೆ ಸಾಲದಾ?

ಮುಂದಿನ ಸಭೆ ಬರುವ ತಿಂಗಳು ಇದೆಯಂತೆ. ಡ್ರೈವರನ್ನೂ ಆಯಾ ಅವರನ್ನೂ ಕರೆಯಿರಿ ಅಂತ ಶಾಲೆಯವರಿಗೆ ಹೇಳಿದೆ. ಆ ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಾರೆ ಅಂದರು. ಹಾಗಾದರೆ ಸಭೆಯನ್ನು ಬಸ್ಸಿನಲ್ಲೇ ಇಡಿ ಅಂದೆ. ಆ್ಯಪ್ ಮಾಡುವ ಹುಡುಗನಿಗೆ ಕಿಟಕಿ ಪಕ್ಕದ ಸೀಟು ಹಿಡಿದಿಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್,
ತೀರ್ಥಹಳ್ಳಿ ತಾಲ್ಲೂಕು